ಗಲ್ಲಿಗೇರಿಸಿದರೆ ಕೊಲೆ ನಿಲ್ಲುತ್ತಾ? ನೀವೇ ಪರೀಕ್ಷಿಸಿ ನೋಡಿ

ಹಾಸನದಲ್ಲಿ ಕೊಲೆ ಸುದ್ದಿ ಬಂದ ದಿನ ಟೀ ಅಂಗಡಿಗಳಲ್ಲಿ ಒಂದೇ ಮಾತು: "ಇಬ್ಬರನ್ನ ನೇಣಿಗೆ ಹಾಕಲಿ, ಎಲ್ಲ ಸರಿಹೋಗುತ್ತೆ." ಆ ಸಿಟ್ಟು ನ್ಯಾಯವಾದದ್ದೇ. ಆದರೂ ಮಾತು ನಿಜವಾ ಅಂತ ನೋಡಬೇಕು.

ಮೊದಲು ಪ್ರಶ್ನೆ ಸರಿಮಾಡಿಕೊಳ್ಳಿ. ಶಿಕ್ಷೆಯ ಭಯ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಜೀವಾವಧಿಗಿಂತ ಗಲ್ಲು ಜಾಸ್ತಿ ಹೆದರಿಸುತ್ತಾ? ಇಷ್ಟೇ ನೋಡಬೇಕಾದ್ದು.

ಆಮೇಲೆ ಗಲ್ಲು ಇದ್ದ ಕಾಲ, ಇಲ್ಲದ ಕಾಲ ಹೋಲಿಸಿ. ಕೇರಳ ಕಡೆಯ ತಿರುವಾಂಕೂರು ಸಂಸ್ಥಾನದಲ್ಲಿ 1944ರಲ್ಲಿ ಗಲ್ಲು ತೆಗೆದಿದ್ದರು. 1945ರಿಂದ 1950ರವರೆಗೆ ಅಲ್ಲಿ 962 ಕೊಲೆ, ಗಲ್ಲು ಮತ್ತೆ ಬಂದ ಮೇಲಿನ ಐದು ವರ್ಷ 967. ಒಂದೇ ಸಂಸ್ಥಾನದ ಲೆಕ್ಕ ಸಾಲದು, ನಿಜ. ಅಮೆರಿಕದಲ್ಲಿ ಒಂದು ಗಲ್ಲು ಎಂಟು ಕೊಲೆ ತಡೆಯುತ್ತೆ ಅಂತ 1975ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿದರು, ಆದರೆ 2012ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಂಥ ಅಧ್ಯಯನಗಳನ್ನೆಲ್ಲ ಜಾಲಾಡಿ, ಗಲ್ಲಿನಿಂದ ಕೊಲೆ ಕಡಿಮೆಯಾಯ್ತು ಅಂತಾಗಲಿ ಆಗಲಿಲ್ಲ ಅಂತಾಗಲಿ ಇವುಗಳಿಂದ ಹೇಳೋಕಾಗಲ್ಲ ಎಂದಿತು.

ಈಗ ಕೊಲೆಯ ಕಾರಣ ನೋಡಿ, ನನಗೆ ಮುಖ್ಯ ಅನಿಸೋದು ಇದೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ. ಅದರಲ್ಲಿ 9,962ಕ್ಕೆ ಕಾರಣ ಜಗಳ, ವ್ಯಾಜ್ಯ. ಅರಕಲಗೂಡು ಕಡೆಯ ಒಂದು ಗದ್ದೆ ಬದು ಅಂದ್ಕೊಳ್ಳಿ. ಅಣ್ಣ ಒಂದು ಮೊಳ ಒಳಗೆ ಕಡಿದ, ತಮ್ಮ ಬೈದ, ಅಪ್ಪನ ಕಾಲದ ಪಾಲಿನ ಮಾತು ಎದ್ದಿತು, ಬೇಲಿ ಸವರೋಕೆ ತಂದ ಮಚ್ಚು ಕೈಯಲ್ಲೇ ಇದೆ. ಆ ಕ್ಷಣದಲ್ಲಿ ಜೀವಾವಧಿಯೋ ಗಲ್ಲೋ ಅಂತ ಯಾರು ತೂಗಿ ನೋಡ್ತಾರೆ, ಹೇಳಿ? ಇನ್ನು ಯೋಚಿಸಿ ಕೊಲ್ಲುವವನು ಸಿಕ್ಕಿಬೀಳಲ್ಲ ಅನ್ನೋ ಧೈರ್ಯದಲ್ಲೇ ಇರ್ತಾನೆ.

ಗಲ್ಲು ಎಷ್ಟು ಜನಕ್ಕೆ, ಎಷ್ಟು ಬೇಗ ಆಗುತ್ತೆ ಅನ್ನೋದನ್ನೂ ನೋಡಿ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನ ಪ್ರಕಾರ ಅದು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ. 2015ರ ಜುಲೈನಲ್ಲಿ ಮುಂಬೈ ಸ್ಫೋಟ ಪ್ರಕರಣದ ಯಾಕೂಬ್ ಮೆಮನ್‌ಗೆ ಆದ ಮೇಲೆ ಮುಂದಿನ ಗಲ್ಲು 2020ರ ಮಾರ್ಚ್‌ನಲ್ಲಿ, ನಿರ್ಭಯಾ ಪ್ರಕರಣದ ನಾಲ್ವರಿಗೆ. ಅದೂ ಕೃತ್ಯ ನಡೆದು ಏಳು ವರ್ಷದ ಮೇಲೆ.

ಹಾಗಾಗಿ ಶಾಸಕರು ಊರಿಗೆ ಬಂದಾಗ ಇವನ್ನ ಕೇಳಿ: ಜಮೀನು ಅಳತೆಗೆ ಅರ್ಜಿ ಹಾಕಿದರೆ ಸರ್ವೆಯವರು ಯಾವಾಗ ಬರ್ತಾರೆ? ಕೊಲೆ ಕೇಸಿನ ಸಾಕ್ಷಿಗೆ ಬೆದರಿಕೆ ಬಂದರೆ ಕಾಯೋರು ಯಾರು? ಉತ್ತರ ಸಿಗೋವರೆಗೂ ಬಿಡಬೇಡಿ.