ಹದಿನಾಲ್ಕರ ಕಥೆಯನ್ನು ಹದಿನಾಲ್ಕರಲ್ಲೇ ಓದಬೇಕು

ಕೊಡಗಿನಲ್ಲಿ ಓದುವ ಕಾಲವೆಂದರೆ ಮಳೆಗಾಲವೇ. ಡಿಸೆಂಬರಿನಿಂದ ಕಾಫಿ ಕುಯ್ಲು, ಅದರ ಬೆನ್ನಿಗೇ ಕಾಳುಮೆಣಸು, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ದಿನಗಳು, ನಡುವೆ ಪರೀಕ್ಷೆ. ಜೂನ್ ಹಿಡಿದ ಮೇಲೆಯೇ ಮನೆಯೊಳಗೆ ಕೂರಲು ಹೊತ್ತು ಸಿಗುವುದು. ಮರ ಬಿದ್ದು ಹೋದ ಕರೆಂಟು ದಿನಗಟ್ಟಲೆ ಬರುವುದಿಲ್ಲ, ಮೊಬೈಲಿನ ಚಾರ್ಜ್ ಮುಗಿಯುತ್ತದೆ, ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುತ್ತಾರೆ. ಹದಿಹರೆಯದವರ ಕಾದಂಬರಿಗಳ ಮೇಲಿನ ನನ್ನ ಹುಚ್ಚು ಹುಟ್ಟಿದ್ದೂ ಬೆಳೆದದ್ದೂ ಇಂಥ ರಜೆಗಳಲ್ಲಿ. ಈಗ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಮಾದಾಪುರದ ಕಡೆಯ ನಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಭಾನುವಾರಗಳಂದು ಹೈಸ್ಕೂಲು ಮಕ್ಕಳ ಜೊತೆ ಕೂತು ಈ ಕಾದಂಬರಿಗಳನ್ನು ಓದುತ್ತೇನೆ. ಅಲ್ಲಿಯವರೆಗೆ ಹೇಗೆ ಬಂದೆ, ಏನೇನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹನ್ನೆರಡರಿಂದ ಹದಿನೆಂಟು ವರ್ಷದ ಓದುಗರನ್ನು ಎದುರಿಗೆ ಇಟ್ಟುಕೊಂಡು ಬರೆದ ಕಾದಂಬರಿಗಳಿವು. ಕಥೆ ಹೇಳುವುದು ಹೆಚ್ಚಾಗಿ ಆ ವಯಸ್ಸಿನ ಹುಡುಗಿಯೋ ಹುಡುಗನೋ. ಕಥೆಯ ಕಾಲ ಚಿಕ್ಕದು: ಒಂದು ಬೇಸಿಗೆ, ಶಾಲೆಯ ಒಂದು ವರ್ಷ. ದೊಡ್ಡವರು ಸುತ್ತ ಇರುತ್ತಾರೆ, ಆದರೆ ನಿರ್ಧಾರ ತೆಗೆದುಕೊಳ್ಳಬೇಕಾದವರು ಚಿಕ್ಕವರು. ಕೊನೆಯ ಪುಟದಲ್ಲಿ ಎಲ್ಲವೂ ಸರಿಹೋಗಿರುವುದಿಲ್ಲ. ಆ ಹುಡುಗಿ ಒಂದು ಹೆಜ್ಜೆ ಇಟ್ಟಿರುತ್ತಾಳೆ, ಅಷ್ಟೆ. ನನಗೆ ಹದಿನಾಲ್ಕಾಗಿದ್ದಾಗ ನಮ್ಮ ಮನೆಯಲ್ಲಿ ಯಾರೂ ಮಾತನಾಡದ ಸಂಗತಿಗಳನ್ನು ಈ ಪುಸ್ತಕಗಳು ನನ್ನ ಜೊತೆ ಮಾತನಾಡಿದವು. ಗೆಳತಿ ಇದ್ದಕ್ಕಿದ್ದಂತೆ ದೂರವಾಗುವುದು, ಮೈ ಬದಲಾಗುವುದು, ಅಪ್ಪನ ಮೇಲೆ ಬರುವ ಸಿಟ್ಟು. ಮೂವತ್ತರಲ್ಲಿ ಓದಿದರೂ ಅವು ಒಳ್ಳೆಯ ಪುಸ್ತಕಗಳೇ. ಆದರೆ ಆಗ ಅವು ನೆನಪಿನ ಪುಸ್ತಕಗಳಾಗಿರುತ್ತವೆ. ಹದಿನಾಲ್ಕರಲ್ಲಿ ಓದಿದರೆ ಅವು ಆ ಹೊತ್ತಿನ ಮಾತು.

ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮದವಳು. ಇಂಥ ಕಾದಂಬರಿಗಳು ಕನ್ನಡದಲ್ಲಿ ಕಡಿಮೆ, ಇಂಗ್ಲಿಷಿನಲ್ಲಿ ರಾಶಿ. ಹಾಗಾಗಿ ಇಂಗ್ಲಿಷಿಗೆ ಹೋಗಲೇಬೇಕಾಯಿತು. ನನ್ನ ದಾರಿ ತೆರೆದದ್ದು ಪದ್ಯದ ಸಾಲುಗಳಲ್ಲಿ ಬರೆದ ಕಾದಂಬರಿ. ಪದ್ಮಾ ವೆಂಕಟ್ರಾಮನ್ ಅವರ ‘ಎ ಟೈಮ್ ಟು ಡ್ಯಾನ್ಸ್’, 2014ರಲ್ಲಿ ಬಂದದ್ದು. ಚೆನ್ನೈನ ವೇದಾ ಎಂಬ ಭರತನಾಟ್ಯದ ಹುಡುಗಿ ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲಿ ಮತ್ತೆ ನೃತ್ಯಕ್ಕೆ ಮರಳುವ ಕಥೆ. ಪುಟಕ್ಕೆ ಕೆಲವೇ ಸಾಲು, ಉಳಿದದ್ದು ಖಾಲಿ ಜಾಗ. ಪುಟಗಳು ಬೇಗ ಬೇಗ ಮಗುಚುತ್ತಿದ್ದಂತೆ ‘ನಾನು ಇಂಗ್ಲಿಷ್ ಕಾದಂಬರಿ ಓದುತ್ತಿದ್ದೇನೆ’ ಎಂಬ ಧೈರ್ಯ ಹುಟ್ಟಿತು. ವೇದಾಳ ಮನೆಯಲ್ಲಿ ಪಾಟಿ, ಅಂದರೆ ಅಜ್ಜಿ, ಇದ್ದಾರೆ, ದೇವರ ಕೋಣೆ ಇದೆ, ಗೆಜ್ಜೆ ಇದೆ. ಪದ ಗೊತ್ತಿಲ್ಲದ ಕಡೆಯೂ ಏನು ನಡೆಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಕನ್ನಡ ಮಾಧ್ಯಮದ ಯಾರು ಕೇಳಿದರೂ ನಾನು ಮೊದಲು ಕೈಗೆ ಕೊಡುವುದು ಪದ್ಯರೂಪದ ಕಾದಂಬರಿಯನ್ನೇ.

ಓದುವ ಕ್ರಮವನ್ನೂ ನಾನೇ ಕಟ್ಟಿಕೊಂಡೆ. ಮೊದಲ ಅಧ್ಯಾಯವನ್ನು ಎರಡು ಸಲ ಓದುತ್ತೇನೆ. ಮಾತನಾಡುತ್ತಿರುವವರು ಯಾರೆಂದು ತಿಳಿಯಲು ಒಂದು ಸಲ, ಅವರಿಗೆ ಏನು ಬೇಕಾಗಿದೆ ಎಂದು ತಿಳಿಯಲು ಇನ್ನೊಂದು ಸಲ. ಗೊತ್ತಿಲ್ಲದ ಪದಕ್ಕೆ ನಿಲ್ಲುವುದಿಲ್ಲ. ಅದೇ ಪದ ಮತ್ತೆ ಮತ್ತೆ ಬಂದು ದಾರಿಗೆ ಅಡ್ಡ ನಿಂತರೆ ಮಾತ್ರ ನಿಘಂಟು ತೆಗೆಯುತ್ತೇನೆ. ಓದಿ ಮುಗಿಸಿದ ಪ್ರತಿ ಅಧ್ಯಾಯಕ್ಕೂ ಕನ್ನಡದಲ್ಲಿ ಎರಡು ಸಾಲು ಬರೆಯುತ್ತೇನೆ: ಯಾರು ಏನನ್ನು ಬಯಸಿದರು, ಯಾವುದು ತಡೆಯಿತು. ಈ ಅಭ್ಯಾಸ ನನಗೆ ಬಂದದ್ದು ಅಜ್ಜನಿಂದ. ನಮ್ಮಲ್ಲಿ ತೋಟವಿರುವ ಹಲವು ಮನೆಗಳಂತೆ ನಮ್ಮ ಮನೆಯಲ್ಲೂ ಮಳೆಯ ಪುಸ್ತಕವೊಂದಿದೆ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಎಷ್ಟು ಇಂಚು ಬಿತ್ತೆಂದು ಅಜ್ಜ ಅದರಲ್ಲಿ ಬರೆದಿಡುತ್ತಾರೆ. ಹಳೆಯ ವರ್ಷಗಳ ಪುಟ ತೆರೆದು ಎರಡು ವರ್ಷಗಳ ಜುಲೈಯನ್ನು ಹೋಲಿಸುವುದು ಅವರಿಗೆ ಬಲು ಇಷ್ಟ. ನನ್ನ ಓದಿನ ಪುಸ್ತಕವೂ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಹೈಸ್ಕೂಲಿನಲ್ಲಿ ನನಗೆ ಹಿಡಿಸದ ಪಾತ್ರ ಈಗ ಹಿಡಿಸುತ್ತಿರುವುದು ಏಕೆಂದು ಅದರಲ್ಲಿ ಹುಡುಕಬಹುದು.

ಆಯ್ಕೆಗೆ ನಾನು ಹಿಡಿದ ದಾರಿ ಪ್ರಶಸ್ತಿಗಳ ಪಟ್ಟಿ. ಅಮೆರಿಕದ ಗ್ರಂಥಾಲಯ ಸಂಘದವರು ಹದಿಹರೆಯದವರ ಸಾಹಿತ್ಯಕ್ಕೆ 2000ದಿಂದ ಮೈಕೆಲ್ ಪ್ರಿಂಟ್ಜ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದ್ದಾರೆ. ಪ್ರಿಂಟ್ಜ್ ದೊಡ್ಡ ಸಾಹಿತಿಯಾಗಿರಲಿಲ್ಲ, ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ ಶಾಲೆಯೊಂದರ ಗ್ರಂಥಪಾಲಕರಾಗಿದ್ದರು. ಆ ಸಂಗತಿ ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಿಂದ ಇದೆ. ಕನ್ನಡದ ಪುಸ್ತಕಗಳಿಗೆ ಅದರ ಪಟ್ಟಿ ನೋಡುತ್ತೇನೆ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಓದಲೇಬೇಕೆಂದಿಲ್ಲ. ಐವತ್ತು ಪುಟಗಳಾದರೂ ಹೇಳುವವರ ದನಿ ನನಗೆ ಕೇಳಿಸದಿದ್ದರೆ ಮುಚ್ಚಿಡುತ್ತೇನೆ.

ಪುಸ್ತಕ ಸಿಗುವುದು ಎಲ್ಲಿಂದ? ಮಡಿಕೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯದಿಂದ ಕೆಲವು, ಬೆಂಗಳೂರಿನಲ್ಲಿರುವ ಚಿಕ್ಕಮ್ಮ ಅವೆನ್ಯೂ ರಸ್ತೆಯಿಂದ ತರುವ ಹಳೆಯ ಪ್ರತಿಗಳು ಕೆಲವು, ಗೆಳತಿಯರ ಜೊತೆ ದುಡ್ಡು ಹಾಕಿ ಕೊಂಡವು ಕೆಲವು. ನಮ್ಮೂರಿನ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರವೆಂದು ಹೆಸರು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ. ಮೊದಲು ಹೋಗಿ ಹೆಸರು ಬರೆಸಿ.

ಇಲ್ಲಿ ಪುಸ್ತಕ ತರುವುದಕ್ಕಿಂತ ಕಾಪಾಡುವುದು ಕಷ್ಟ. ಜುಲೈ ತಿಂಗಳ ತೇವಕ್ಕೆ ರಟ್ಟು ಸುರುಟಿಕೊಳ್ಳುತ್ತದೆ, ಹಾಳೆಗೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸಿ ಇಡಬಾರದು. ನಮ್ಮ ಮನೆಯಲ್ಲಿ ಅಡುಗೆಮನೆಯ ಒಲೆಯ ಬಿಸಿ ತಾಗುವ, ಆದರೆ ಹೊಗೆ ಬಾರದ ಕಡೆ ಒಂದು ಹಲಗೆ ಹೊಡೆಸಿಕೊಂಡಿದ್ದೇನೆ. ಬಿಸಿಲು ಇಣುಕಿದ ದಿನ ಹಾಳೆ ಬಿಡಿಸಿ ಗಾಳಿಗೆ ಇಡುತ್ತೇನೆ.

ಒಬ್ಬಳೇ ಓದುತ್ತಿದ್ದಾಗ ಪುಸ್ತಕ ಮುಗಿದ ಮೇಲೆ ಅದರ ಬಗ್ಗೆ ಮಾತನಾಡಲು ಯಾರೂ ಇಲ್ಲದ ಸಂಕಟ ಬಹಳವಾಗಿತ್ತು. ಪಿಯುಸಿಯ ಹೊತ್ತಿಗೆ ಗ್ರಂಥಾಲಯದ ಮೇಲ್ವಿಚಾರಕಿ ಅಕ್ಕನನ್ನು ಕೇಳಿದೆ: ಭಾನುವಾರ ಒಂದು ಗಂಟೆ ಜಾಗ ಕೊಡುತ್ತೀರಾ? ಅವರು ಬೀಗದ ಕೈಯ ಜೊತೆ ಒಂದು ಚಾಪೆಯನ್ನೂ ಕೊಟ್ಟರು. ಬಂದ ಮಕ್ಕಳ ಮನೆಮಾತು ಒಂದಲ್ಲ. ಕೊಡವ ತಕ್ಕ್, ನಮ್ಮ ಅರೆಭಾಷೆ, ಮಲಯಾಳಂ, ತುಳು, ತಮಿಳು. ಎಲ್ಲರಿಗೂ ಒಟ್ಟಿಗೆ ಸೇರುವುದು ಕನ್ನಡ. ಹಾಗಾಗಿ ಇಂಗ್ಲಿಷ್ ಕಾದಂಬರಿಯನ್ನು ಕೈಯಲ್ಲಿ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗುವುದೆಂದು ತೀರ್ಮಾನಿಸಿದೆ. ಹಿಂದಿನ ರಾತ್ರಿ ಅಧ್ಯಾಯವನ್ನು ಓದಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಸಂಭಾಷಣೆಯನ್ನು ಒಂದೂ ಬಿಡದೆ ಹೇಳುತ್ತೇನೆ. ವರ್ಣನೆ ಉದ್ದವಾದರೆ ಮೊಟಕು ಮಾಡುತ್ತೇನೆ. ‘ಇದರಿಂದ ಏನು ಕಲಿತೆ?’ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಆ ಪ್ರಶ್ನೆ ಶಾಲೆಯಲ್ಲಿ ಸಾಕಷ್ಟು ಸಿಗುತ್ತದೆ, ಕಥೆಯ ಮೇಲಿನ ಆಸೆಯನ್ನೇ ಅದು ಕೊಲ್ಲುತ್ತದೆ.

ಮೊದಲು ಆರಿಸಿದ್ದು ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’. ಹದಿನೈದರಲ್ಲಿ ಬರೆಯಲು ಶುರುಮಾಡಿದ ಆಕೆಗೆ, 1967ರಲ್ಲಿ ಪುಸ್ತಕ ಹೊರಬಂದಾಗ ಹದಿನೆಂಟು. ಒಕ್ಲಹೋಮಾದ ಟುಲ್ಸಾ ನಗರದ ಬಡ ಹುಡುಗರ ಗುಂಪು, ಸಿರಿವಂತ ಹುಡುಗರ ಗುಂಪು, ಇವೆರಡರ ಹೊಡೆದಾಟ. ಹೇಳುವವನು ಹದಿನಾಲ್ಕು ವರ್ಷದ ಪೋನಿಬಾಯ್. ಅಪ್ಪ ಅಮ್ಮ ತೀರಿಹೋಗಿದ್ದಾರೆ, ಇಬ್ಬರು ಅಣ್ಣಂದಿರ ಜೊತೆ ಇದ್ದಾನೆ. ಕೊಲೆಯೊಂದು ನಡೆದುಹೋಗಿ ಅವನೂ ಗೆಳೆಯ ಜಾನಿಯೂ ಸರಕು ರೈಲು ಹತ್ತಿ ಪಾಳುಬಿದ್ದ ಚರ್ಚಿನಲ್ಲಿ ಅಡಗುತ್ತಾರೆ. ಅಲ್ಲಿ ನಿಲ್ಲಿಸಿ ಕೇಳಿದೆ: ನೀವಾಗಿದ್ದರೆ ಎಲ್ಲಿಗೆ ಓಡುತ್ತಿದ್ದಿರಿ? ಎಂಟನೆಯ ತರಗತಿಯ ಹುಡುಗ ತಕ್ಷಣ ಹೇಳಿದ: “ಅಕ್ಕಾ, ಕೊಡಗಿನಲ್ಲಿ ರೈಲೇ ಇಲ್ಲ. ಬಸ್ಸಿಗೆ ಹತ್ತಿದರೆ ಕುಶಾಲನಗರ ತಲುಪುವುದರೊಳಗೆ ಕಂಡಕ್ಟರ್ ಅಪ್ಪನಿಗೆ ಫೋನ್ ಮಾಡಿರುತ್ತಾರೆ.” ಆಮೇಲೆ ಆ ಗಂಟೆ ಮುಗಿಯುವವರೆಗೂ ಯಾವ ತೋಟದಲ್ಲಿ ಅಡಗಬಹುದು, ಆನೆ ಬಂದರೆ ಏನು ಮಾಡುವುದು ಎಂಬುದೇ ಚರ್ಚೆ. ಟುಲ್ಸಾ ನಗರವನ್ನು ನಾವು ಯಾರೂ ನೋಡಿಲ್ಲ. ಆದರೆ ಓಡಿಹೋಗಲು ಜಾಗವಿಲ್ಲದ ಸ್ಥಿತಿ ಪ್ರತಿಯೊಬ್ಬರಿಗೂ ತಿಳಿದಿತ್ತು.

ಅದೇ ಕಾದಂಬರಿಯಲ್ಲಿ ಚೆರಿ ಎಂಬ ಸಿರಿವಂತರ ಹುಡುಗಿ ಇದ್ದಾಳೆ. ಅವಳೂ ಪೋನಿಬಾಯ್‌ನೂ ಒಂದೇ ಸೂರ್ಯಾಸ್ತವನ್ನು ಬೇರೆ ಬೇರೆ ಕಡೆಯಿಂದ ನೋಡುವವರು. ಅವನ ಮೇಲೆ ಅವಳಿಗೆ ವಿಶ್ವಾಸವಿದೆ. ಆದರೂ ಶಾಲೆಯಲ್ಲಿ ತಾನು ಮಾತನಾಡಿಸದಿದ್ದರೆ ಬೇಜಾರು ಮಾಡಿಕೊಳ್ಳಬೇಡ ಎಂದು ಮೊದಲೇ ಹೇಳಿಬಿಡುತ್ತಾಳೆ. ಇದನ್ನು ಹೇಳುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಏಕೆಂದರೆ ನನ್ನ ಎದುರು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯ ಮಕ್ಕಳೂ ತೋಟದ ಮಾಲೀಕರ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತಿದ್ದರು. ಲೈನ್ ಮನೆಯ ಹುಡುಗನೊಬ್ಬ “ಅವಳು ಹೇಡಿ” ಎಂದ. ತೋಟದ ಮನೆಯ ಹುಡುಗಿ ಬಿಡಲಿಲ್ಲ: “ಅವಳು ಮೊದಲೇ ಹೇಳಿದಳಲ್ಲ, ಸುಳ್ಳು ಹೇಳಲಿಲ್ಲವಲ್ಲ.” “ನಿಜ ಹೇಳಿಬಿಟ್ಟರೆ ಮಾತನಾಡಿಸಿದ ಹಾಗಾಯಿತೇ?” ಎಂದು ಅವನು. ನಾನು ನಡುವೆ ಬಾಯಿ ಹಾಕಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಹೋಗುತ್ತಾ ರಸ್ತೆಯುದ್ದಕ್ಕೂ ಅವರು ವಾದಿಸುತ್ತಲೇ ಇದ್ದರು. ಇಷ್ಟು ನೇರವಾದ ಮಾತು ನಮ್ಮ ಊರಿನಲ್ಲಿ ಬೇರೆ ಯಾವ ನೆಪದಲ್ಲಿ ಆಗಲು ಸಾಧ್ಯವಿತ್ತು? ಚೆರಿಯ ಬಗ್ಗೆ ಮಾತನಾಡುವಾಗ ಯಾರೂ ಯಾರನ್ನೂ ಬೆರಳು ತೋರಿಸಬೇಕಾಗಿರಲಿಲ್ಲ.

ಕನ್ನಡದಲ್ಲಿ ನಾವು ಓದಿದ್ದರಲ್ಲಿ ಮುಖ್ಯವಾದದ್ದು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. 2011ರ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕಾದಂಬರಿ. ಶರಾವತಿ ಕಣಿವೆಯ ಮುಳುಗಡೆಯ ನೋವನ್ನು ಅವರು ಬಾಳಿಡೀ ಬರೆದವರು. ಹಾರಂಗಿಯ ಹಿನ್ನೀರು ನಮಗೆ ಹತ್ತಿರವೇ ಇದೆ. ಕೂಟದಲ್ಲಿ ಒಬ್ಬ ಹುಡುಗಿಯ ಕುಟುಂಬ 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮನೆ ಕಳೆದುಕೊಂಡು, ಸರ್ಕಾರ ಕಟ್ಟಿಕೊಟ್ಟ ಬಡಾವಣೆಗೆ ಬಂದದ್ದು. ಅವಳು ಆ ಪುಸ್ತಕವನ್ನು ಮನೆಗೆ ಒಯ್ದಳು, ಬಹಳ ದಿನ ಹಿಂತಿರುಗಿಸಲಿಲ್ಲ. ಕೇಳಿದಾಗ “ಅಪ್ಪ ಓದುತ್ತಿದ್ದಾರೆ” ಎಂದಳು. ಇಂಥ ಪುಸ್ತಕಗಳು ಕನ್ನಡದಲ್ಲಿ ಹತ್ತು ಪಟ್ಟು ಇರಬೇಕು. ಬರೆಯಬಲ್ಲವರು ದಯವಿಟ್ಟು ಬರೆಯಿರಿ. ಓದಲು ನಾವಿದ್ದೇವೆ.

ಅವ್ವನಿಗೆ ಮೊದಲು ಇದೆಲ್ಲ ಹಿಡಿಸುತ್ತಿರಲಿಲ್ಲ. ಅಂಕ ಹೋಗುತ್ತದೆ, ಇಲ್ಲದ ಯೋಚನೆ ಬರುತ್ತದೆ ಎಂಬ ಭಯ. ವಾದ ಮಾಡುವುದರ ಬದಲು, ಅವರು ಕಣಿಲೆ (ಎಳೆ ಬಿದಿರು) ಹೆಚ್ಚುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು ವೇದಾಳ ಕಥೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಹೇಳತೊಡಗಿದೆ. ಪಾಟಿ ಸಾಯುವ ಭಾಗ ಬಂದಾಗ ಅವರು ಕತ್ತಿ ಕೆಳಗಿಟ್ಟು ಕೇಳಿದರು. ಅಲ್ಲಿಂದ ಮುಂದೆ ಭಾನುವಾರ ಎಲ್ಲಿಗೆ ಹೊರಟೆ ಎಂದು ಕೇಳಿದ್ದಿಲ್ಲ. ಮನೆಯಲ್ಲಿ ವಿರೋಧ ಎದುರಿಸುತ್ತಿರುವವರಿಗೆ ನಾನು ಹೇಳುವುದು ಇದನ್ನೇ: ಕಥೆಯನ್ನು ಅವರಿಗೂ ಹೇಳಿ.

ಹಿಂಟನ್ ಹೆಸರಿನ ಬಗ್ಗೆ ಮಕ್ಕಳಿಗೆ ಹೇಳಿದ ಒಂದು ಸಂಗತಿ ನಮ್ಮನ್ನು ಬೇರೊಂದು ಕಡೆಗೆ ಒಯ್ದಿತು. ಬರೆದವಳು ಹುಡುಗಿಯೆಂದು ವಿಮರ್ಶಕರು ಹಗುರವಾಗಿ ನೋಡಬಾರದೆಂದು ಪ್ರಕಾಶಕರು ಬರೀ ಮೊದಲಕ್ಷರಗಳನ್ನು ಹಾಕಿದ್ದರು. ಅದಕ್ಕಿಂತ ಎಷ್ಟೋ ಮೊದಲು, ಇಲ್ಲೇ ಸುಂಟಿಕೊಪ್ಪದ ಕಡೆಯ ಗುಂಡುಗುಟ್ಟಿಯಲ್ಲಿ ಇದ್ದು ಕಥೆ ಬರೆದ ಕೊಡಗಿನ ಗೌರಮ್ಮ ‘ಶ್ರೀಮತಿ ಬಿ. ಟಿ. ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡವರು, ಇಪ್ಪತ್ತೇಳು ವರ್ಷದ ಬಾಳು. ಅವರದು ಹದಿಹರೆಯದವರಿಗೆಂದು ಬರೆದ ಕಥೆಗಳಲ್ಲ. ಆದರೆ ಮದುವೆ, ವೈಧವ್ಯ, ಗಂಡಸರ ಮಾತಿನ ನಡುವೆ ಸಿಕ್ಕಿಕೊಂಡ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನು, ತಾನೂ ಚಿಕ್ಕವಳಾಗಿದ್ದಾಗಲೇ ಬರೆದರು. ‘ಕಂಬನಿ’ ಸಂಕಲನದಿಂದ ಕಥೆಗಳನ್ನು ಆರಿಸಿ ಓದಿದೆವು. ಬಸ್ಸಿನಲ್ಲಿ ದಿನವೂ ಹಾದುಹೋಗುವ ರಸ್ತೆಯ ಆಚೆ ಕೂತು ಒಬ್ಬಾಕೆ ಇಷ್ಟು ಬರೆದಿದ್ದಾಳೆ ಎಂಬುದು ಹುಡುಗಿಯರಿಗೆ ನಂಬಲು ಕಷ್ಟವಾಯಿತು.

‘ದಿ ಔಟ್‌ಸೈಡರ್ಸ್’ ಮುಗಿಯುವುದು ಪೋನಿಬಾಯ್ ತನ್ನ ಮೇಷ್ಟ್ರಿಗೆ ಕೊಡಬೇಕಾದ ಪ್ರಬಂಧವನ್ನು ಬರೆಯಲು ಕೂರುವುದರಿಂದ. ನಾವು ಓದಿದ ಕಾದಂಬರಿಯೇ ಆ ಪ್ರಬಂಧ. ಅದನ್ನು ಕೇಳಿದ ಮೇಲೆ ಕೆಲವರು ತಾವೂ ಬರೆಯತೊಡಗಿದ್ದಾರೆ. ನಾನು ತಿದ್ದುವುದಿಲ್ಲ, ಕಾಗುಣಿತವನ್ನೂ ಮುಟ್ಟುವುದಿಲ್ಲ, ಗಟ್ಟಿಯಾಗಿ ಓದಿಸುತ್ತೇನೆ. ಚೆರಿಯನ್ನು ಹೇಡಿಯೆಂದ ಹುಡುಗ ಈಗ ಹತ್ತನೆಯ ತರಗತಿ. ಕುಯ್ಲಿನ ಕಾಲದಲ್ಲಿ ಶಾಲೆ ತಪ್ಪಿಸುವ ಇಬ್ಬರು ಅಣ್ಣತಮ್ಮಂದಿರ ಕಥೆ ಬರೆಯುತ್ತಿದ್ದಾನೆ, ಮೂರನೆಯ ಅಧ್ಯಾಯದಲ್ಲಿದ್ದಾನೆ. ತೋಟದ ಮನೆಯ ಹುಡುಗಿ ಅದರಲ್ಲಿ ಮಾಲೀಕರ ಮಗಳ ಪಾತ್ರ ಸರಿಯಾಗಿ ಬಂದಿಲ್ಲವೆಂದು ಹಟ ಹಿಡಿದು, ಆ ಅಧ್ಯಾಯವನ್ನು ಅವಳ ಕಡೆಯಿಂದ ತಾನೇ ಬರೆದು ತಂದಿದ್ದಾಳೆ. ಮುಂದಿನ ಭಾನುವಾರ ಎರಡನ್ನೂ ಓದುತ್ತೇವೆ.