ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಮೊದಲು ಕಾಪಿ, ಆಮೇಲೆ ರಿಪೇರಿ

ಶಿರಸಿಯಲ್ಲಿ ನನ್ನದು ಡಿಟಿಪಿ ಅಂಗಡಿ. ಚೌತಿ ಹತ್ತಿರ ಬಂದಿತ್ತು. ಗಣೇಶೋತ್ಸವದ ರಸೀದಿ ಪುಸ್ತಕ, ಬ್ಯಾನರು ಅಂತ ಕೈತುಂಬ ಕೆಲಸ. ಆಗಲೇ ಕಂಪ್ಯೂಟರು ಸತಾಯಿಸಲು ಶುರು ಮಾಡಿತು. ಕೋರೆಲ್ ಡ್ರಾ ಫೈಲು ತೆರೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಡಬ್ಬಿಯೊಳಗಿಂದ ಟಿಕ್ ಟಿಕ್ ಸದ್ದು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಈ ಸದ್ದು ಹಾರ್ಡ್ ಡಿಸ್ಕು ಕೆಡುತ್ತಿರುವ ಸೂಚನೆ, ಕೇಳಿದ ಮೇಲೆ ವೈರಸ್ಸು ಹುಡುಕುತ್ತ ಕೂರಬಾರದು.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದೆ. ನೀಲಿ ಇರಬೇಕಾದಲ್ಲಿ ಹಳದಿ ಇತ್ತು. ಅದರಲ್ಲಿ ನಾನು ಮುಖ್ಯವಾಗಿ ನೋಡುವುದು ಮೂರು ಸಾಲು. 05 ಅಂದರೆ ಕೆಟ್ಟ ಸೆಕ್ಟರಿಗೆ (ಡಿಸ್ಕಿನಲ್ಲಿ ಮಾಹಿತಿ ಬರೆದಿಡುವ ಚಿಕ್ಕ ತುಂಡು) ಬದಲಾಗಿ ಡಿಸ್ಕು ತನ್ನ ಮೀಸಲು ಜಾಗ ಬಳಸಿಕೊಂಡ ಲೆಕ್ಕ. ಸಿ5 ಅಂದರೆ ಸರಿಯಾಗಿ ಓದಲಾಗದೆ ಹಾಗೇ ಬಾಕಿ ಇರುವ ಸೆಕ್ಟರು. ಸಿ7 ಏರುತ್ತಿದ್ದರೆ ತೊಂದರೆ ಹೆಚ್ಚಾಗಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನದು, ಮೊದಲು ಅದನ್ನು ಬದಲಿಸಿ ನೋಡಬೇಕು. ನನ್ನದರಲ್ಲಿ ಸಿ7 ಸೊನ್ನೆ. ಸಿ5 ಮಾತ್ರ ಬೆಳಿಗ್ಗೆಗಿಂತ ಸಂಜೆಗೆ ಜಾಸ್ತಿ. ಅಂದಹಾಗೆ, ಅಲ್ಲಿ ಕಾಣುವ ಅಂಕಿ ಹೆಕ್ಸಾಡೆಸಿಮಲ್, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದ್ದು. 10 ಅಂತ ಇದ್ದರೆ ಅದು 16. ಮೆನುವಿನಲ್ಲಿ ಮಾಮೂಲಿ ಅಂಕಿಗೆ ಬದಲಿಸಿಕೊಳ್ಳಬಹುದು.

ಪಕ್ಕದ ಅಂಗಡಿಯ ಗೆಳೆಯ, "ಚೆಕ್‌ಡಿಸ್ಕ್ ಹಾಕಿಬಿಡು ಮಾರಾಯ, ಸರಿಯಾಗ್ತದೆ" ಅಂದ. ನಾನು ಒಪ್ಪಲಿಲ್ಲ. ವಿಂಡೋಸಿನಲ್ಲೇ ಇರುವ ಈ ಚೆಕ್‌ಡಿಸ್ಕ್ ಸರಿಮಾಡುವುದು ಫೈಲುಗಳ ಲೆಕ್ಕಪತ್ರವನ್ನು, ಸವೆದ ಡಿಸ್ಕನ್ನಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ಓಡಿಸಿದರೆ ಸಿಗಬಹುದಾಗಿದ್ದ ಫೈಲೂ ಹೋಗಬಹುದು. ಅಂಥ ಡಿಸ್ಕು ಇನ್ನೆಷ್ಟು ಹೊತ್ತು ತಿರುಗುತ್ತದೋ ಯಾರಿಗೆ ಗೊತ್ತು? ಇರುವಷ್ಟು ಹೊತ್ತನ್ನು ಕಾಪಿ ತೆಗೆಯಲಿಕ್ಕೇ ಬಳಸಬೇಕು.

ಅರ್ಜೆಂಟು ಕೆಲಸದ ಫೋಲ್ಡರನ್ನು ಮೊದಲು ಪೆನ್‌ಡ್ರೈವಿಗೆ ಹಾಕಿಕೊಂಡು ಕಂಪ್ಯೂಟರ್ ಆಫ್ ಮಾಡಿದೆ. ಹಳೇ ಡಿಸ್ಕು 500 ಜಿಬಿ. ಅಂಗಡಿಯಲ್ಲಿ 480 ಜಿಬಿಯ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕು) ತೋರಿಸಿದರು. ಡಿಸ್ಕನ್ನು ಇದ್ದ ಹಾಗೇ ನಕಲು ಮಾಡಲು ಅದು ಸಾಲುವುದಿಲ್ಲ. 1 ಟಿಬಿಯದೇ ತಂದೆ.

ನಕಲಿಗೆ ಬಳಸಿದ್ದು, ವಿಂಡೋಸ್ ಬದಲು ಪೆನ್‌ಡ್ರೈವಿನಿಂದ ಓಡಿಸಿದ ಲಿನಕ್ಸಿನ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್. ಮಾಮೂಲಿ ಕಾಪಿ ಕೆಟ್ಟ ಜಾಗ ಬಂದಲ್ಲೇ ಸಿಕ್ಕಿಕೊಂಡು ಗುದ್ದಾಡುತ್ತದೆ. ಇದು ಹಾಗಲ್ಲ. ಸಲೀಸಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿಯವರೆಗೆ ಓದಿಯಾಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮಳೆಗಾಲದ ಶಿರಸಿಯಲ್ಲಿ ಈ ಫೈಲೇ ಜೀವಾಳ. ಪೆನ್‌ಡ್ರೈವಿನಿಂದ ಓಡುವ ಲಿನಕ್ಸಿನಲ್ಲಿ ಉಳಿಸಿದ್ದು ಸಾಮಾನ್ಯವಾಗಿ ರ‍್ಯಾಮ್‌ನಲ್ಲಿರುತ್ತದೆ, ಕರೆಂಟು ಹೋದರೆ ಅದೂ ಹೋಯಿತು. ಹಾಗಾಗಿ ಮ್ಯಾಪ್ ಫೈಲನ್ನು ಬೇರೊಂದು ಪೆನ್‌ಡ್ರೈವಿನಲ್ಲಿಟ್ಟೆ. ರಾತ್ರಿ ಕರೆಂಟು ಹೋಗಿ ಯುಪಿಎಸ್ಸೂ ಖಾಲಿಯಾಯಿತು. ಬೆಳಿಗ್ಗೆ ಅದೇ ಕಮಾಂಡ್ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯಿತು! ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಒಂದು ಮಾತು. ಮತ್ತೆ ಆನ್ ಮಾಡಿದಾಗ ಲಿನಕ್ಸಿನಲ್ಲಿ ಡಿಸ್ಕುಗಳ ಹೆಸರು ಅದಲುಬದಲಾಗಬಹುದು. ಹಿಂದುಮುಂದಾದರೆ ಖಾಲಿ ಡಿಸ್ಕು ಹಳೆಯದರ ಮೇಲೆ ಬರೆದುಕೊಳ್ಳುತ್ತದೆ, ಇದ್ದದ್ದೂ ಹೋಗುತ್ತದೆ. ಹಳೇ ಡಿಸ್ಕಿನ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದೆ. ಎಂಟರ್ ಒತ್ತುವ ಮೊದಲು ಪ್ರತಿಸಲ ಅದನ್ನು ತಾಳೆ ನೋಡಿದೆ.

ಹಳೆಯದನ್ನು ಬಿಚ್ಚಿ ಎಸ್‌ಎಸ್‌ಡಿ ಕೂರಿಸಿದೆ. ವಿಂಡೋಸ್ ಇದ್ದ ಹಾಗೇ ಎದ್ದಿತು. ಚೆಕ್‌ಡಿಸ್ಕ್ ಹಾಕಿದ್ದು ಈಗ, ಹೊಸದರ ಮೇಲೆ. ಕೆಲವು ಫೋಟೋ ಅರ್ಧ ಬೂದು ಬಣ್ಣಕ್ಕೆ ತಿರುಗಿದ್ದವು, ಒಂದೆರಡು ಹಳೇ ಮದುವೆ ಕಾಗದ ತೆರೆಯಲೇ ಇಲ್ಲ. ನುಡಿ ಫೈಲುಗಳು, ಗಿರಾಕಿಗಳ ಲೆಕ್ಕ ಎಲ್ಲ ಬಂದವು. ಹೊಸ ಡಿಸ್ಕಿನಲ್ಲಿ ಉಳಿದ ಖಾಲಿ ಜಾಗವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಸೇರಿಸಿಕೊಂಡೆ.

ಹಳೇ ಡಿಸ್ಕನ್ನು ಗುಜರಿಗೆ ಹಾಗೇ ಕೊಡಲು ಮನಸ್ಸು ಬರಲಿಲ್ಲ. ಅದರಲ್ಲಿ ಊರವರ ಆಧಾರ್ ಸ್ಕ್ಯಾನು, ಪಹಣಿ ಪ್ರತಿ ಎಲ್ಲ ಇತ್ತಲ್ವಾ? ನಂಬಿ ಕೊಟ್ಟದ್ದು ಅದು. ಬಡಗಿಯ ಹತ್ತಿರ ಡ್ರಿಲ್ ತಂದು, ಒಳಗಿನ ತಟ್ಟೆಗಳನ್ನು ದಾಟುವ ಹಾಗೆ ನಾಲ್ಕಾರು ಕಡೆ ತೂತು ಕೊರೆದೇ ಕೊಟ್ಟೆ.