ಉಡುಗೆಗಲ್ಲ, ಹೊಡೆತಕ್ಕೆ ಮುನ್ಸೂಚನೆ

ನಮ್ಮ ಪುಟ್ಟ ಚಿತ್ರಸಮಾಜದಲ್ಲಿ ‘ದಿ ಅಡ್ವೆಂಚರ್ಸ್ ಆಫ್ ಪ್ರಿಸಿಲ್ಲಾ, ಕ್ವೀನ್ ಆಫ್ ದಿ ಡೆಸರ್ಟ್’ ತೋರಿಸುವುದೆಂದು ತೀರ್ಮಾನವಾದಾಗ, ನೋವು ತರಬಹುದಾದ ದೃಶ್ಯಗಳ ಬಗ್ಗೆ ಪ್ರೇಕ್ಷಕರಿಗೆ ಮುನ್ಸೂಚನೆಯ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 1994ರ ಆಸ್ಟ್ರೇಲಿಯಾದ ಚಿತ್ರ. ಹೆಣ್ಣುವೇಷ ತೊಟ್ಟು ವೇದಿಕೆಯಲ್ಲಿ ಪ್ರದರ್ಶನ ಕೊಡುವ ಇಬ್ಬರು ಡ್ರ್ಯಾಗ್ ಕಲಾವಿದರು, ಒಬ್ಬ ಟ್ರಾನ್ಸ್ ಮಹಿಳೆ, ಸಿಡ್ನಿಯಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಮರುಭೂಮಿಯ ಹಾದಿಯಲ್ಲಿ ಹೊರಟ ಒಂದು ಬಸ್ಸು. ವಸ್ತ್ರವಿನ್ಯಾಸಕ್ಕೆ ಆಸ್ಕರ್ ಗೆದ್ದ ಈ ಚಿತ್ರದ ತುಂಬ ಹಾಡು, ಬಣ್ಣ, ನಗು. ಇದರಲ್ಲಿ ಎಚ್ಚರಿಸುವಂಥದ್ದು ಏನಿದೆ ಎಂದು ಕೆಲವರು ಕೇಳಿದರು.

ನನ್ನ ಮೊದಲ ಕರಡು ಒಂದೇ ಸಾಲಿನದು: ‘ಹೆಣ್ಣುಡುಪು ಧರಿಸಿದ ಗಂಡಸರು, ಅಶ್ಲೀಲ ಮಾತು, ಹಿಂಸೆ.’ ಸ್ವತಃ ಡ್ರ್ಯಾಗ್ ಪ್ರದರ್ಶನ ಕೊಡುವ ಗೆಳೆಯನೊಬ್ಬನಿಗೆ ತೋರಿಸಿದೆ. ಅವನು ಪೆನ್ನು ತೆಗೆದುಕೊಂಡು ಮೊದಲ ಮೂರು ಪದಗಳ ಸುತ್ತ ಗೆರೆ ಎಳೆದ. ‘ನನ್ನ ಉಡುಪನ್ನೂ ನನಗೆ ಬೀಳುವ ಹೊಡೆತವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೀಯಲ್ಲ’ ಎಂದ. ಕೋಪವಿರಲಿಲ್ಲ, ಅದಕ್ಕೇ ಮಾತು ಇನ್ನಷ್ಟು ನಾಟಿತು. ಡ್ರ್ಯಾಗ್ ಒಂದು ಕಲೆ. ಅದು ಅಪಾಯವಲ್ಲ, ಅದಕ್ಕೆ ಎಚ್ಚರಿಕೆಯ ಫಲಕ ತೂಗುಹಾಕುವುದು ಅವಮಾನ. ಆ ಕಲಾವಿದರಿಗೆ ಜನ ಏನು ಮಾಡುತ್ತಾರೆ ಎಂಬುದಕ್ಕೆ ಮುನ್ಸೂಚನೆ ಬೇಕು.

ಚೀಟಿ ಹರಿದು, ನೋಟ್‌ಬುಕ್ ಹಿಡಿದು ಮತ್ತೆ ಚಿತ್ರ ನೋಡಲು ಕುಳಿತೆ. ಈ ಸಲ ಕಂಡದ್ದೇ ಬೇರೆ. ಬ್ರೋಕನ್ ಹಿಲ್‌ನಲ್ಲಿ ಒಂದು ರಾತ್ರಿ ಕಳೆದು ಬೆಳಿಗ್ಗೆ ಹೊರಬಂದರೆ, ಬಸ್ಸಿನ ಮೈಮೇಲೆ ಏಡ್ಸ್ ಹೆಸರಿನಲ್ಲಿ ಬಯ್ದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತಾರೆ. ಕೂಬರ್ ಪೀಡಿಯಲ್ಲಿ ಡ್ರ್ಯಾಗ್ ಕಲಾವಿದರಲ್ಲೊಬ್ಬಳಾದ ಫೆಲಿಸಿಯಾ ವೇಷ ತೊಟ್ಟು ಒಬ್ಬಳೇ ಹೊರಗೆ ಹೋದಾಗ ಗಂಡಸರ ಗುಂಪು ಅಟ್ಟಿಸಿಕೊಂಡು ಬಂದು ಹಲ್ಲೆ ಮಾಡುತ್ತದೆ. ಟ್ರಾನ್ಸ್ ಮಹಿಳೆ ಬರ್ನಡೆಟ್‌ಳನ್ನು ನೋಯಿಸಲೆಂದೇ ಅವಳ ಹಳೆಯ ಗಂಡು ಹೆಸರನ್ನು ಕರೆಯುವ ಮಾತು ಬರುತ್ತದೆ, ಅದೂ ಜೊತೆಗಾರರ ಬಾಯಿಂದಲೇ. ದಾರಿಯಲ್ಲಿ ಸಿಗುವ ಒಬ್ಬನ ಫಿಲಿಪ್ಪೀನ್ಸ್ ಮೂಲದ ಹೆಂಡತಿಯ ಪಾತ್ರವನ್ನು ಚಿತ್ರಿಸಿದ ರೀತಿಗೆ ಜನಾಂಗೀಯ ಅಪಹಾಸ್ಯವೆಂಬ ಟೀಕೆ ಬಂದಿದೆ. ನೋಡಿದರೆ ಆ ಟೀಕೆ ನ್ಯಾಯವಾದದ್ದೇ ಎನಿಸುತ್ತದೆ.

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಪಾತ್ರವೊಂದರ ಬಾಲ್ಯದ ನೆನಪಿನ ದೃಶ್ಯ. ಮಗುವಿನ ಮೇಲೆ ಬಂಧುವೊಬ್ಬ ಲೈಂಗಿಕ ದೌರ್ಜನ್ಯ ಎಸಗಲು ಬರುವ ಪ್ರಸಂಗವನ್ನು ಚಿತ್ರ ನಗೆಯ ಧಾಟಿಯಲ್ಲಿ ಹೇಳುತ್ತದೆ, ಕೊನೆಗೆ ಮಗುವೇ ಗೆಲ್ಲುತ್ತದೆ. ಆದರೆ ಅಂಥ ನೆನಪು ಹೊತ್ತು ಬಂದವರನ್ನು ಪರದೆಯ ಮೇಲಿನ ದೃಶ್ಯಕ್ಕಿಂತ ಪಕ್ಕದ ಕುರ್ಚಿಯ ನಗು ಹೆಚ್ಚು ಇರಿಯಬಹುದು. ಗಂಭೀರ ಚಿತ್ರದಲ್ಲಾದರೆ ಸಂಗೀತ, ಬೆಳಕು ಮೊದಲೇ ಸುಳಿವು ಕೊಡುತ್ತವೆ, ಹಾಸ್ಯಚಿತ್ರದಲ್ಲಿ ಅದು ತಟ್ಟನೆ ಎದುರಾಗುತ್ತದೆ. ಹಾಗಾಗಿ ‘ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಸಂಗವಿದೆ, ಅದನ್ನು ತಮಾಷೆಯಾಗಿ ತೋರಿಸಲಾಗಿದೆ’ ಎಂದು ಎರಡನ್ನೂ ಬರೆದೆ. ಎರಡನೆಯ ಭಾಗವಿಲ್ಲದೆ ಮೊದಲನೆಯದು ಅರ್ಧ ಸತ್ಯ.

ಇಂಥ ಮುನ್ಸೂಚನೆಗಳಿಂದ ನೋವು ಕಡಿಮೆಯಾಗುತ್ತದೆಯೇ? ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಇಲ್ಲ. ನೋಡುವ ಮುಂಚಿನ ಆತಂಕ ತುಸು ಹೆಚ್ಚುವುದೂ ಉಂಟು. ಇದನ್ನು ಓದಿ ಕೈಬಿಡಲು ನನಗೆ ಮನಸ್ಸಾಗಲಿಲ್ಲ, ಬರೆಯುವ ಕ್ರಮವನ್ನು ಬದಲಿಸಿದೆ. ‘ಕೆಲವು ದೃಶ್ಯಗಳು ಮನಸ್ಸು ಕಲಕಬಹುದು’ ಎಂಬ ಮಾತು ಹೆದರಿಸುತ್ತದೆಯೇ ಹೊರತು ಏನನ್ನೂ ತಿಳಿಸುವುದಿಲ್ಲ. ಏನಿದೆ, ಸುಮಾರು ಯಾವಾಗ, ಎಷ್ಟು ಹೊತ್ತು ಎಂದು ತಿಳಿದರೆ ಪ್ರೇಕ್ಷಕರು ತಾವೇ ನಿರ್ಧರಿಸಬಲ್ಲರು. ಕಥೆಯ ಗುಟ್ಟು ಮೊದಲೇ ಬೇಡ ಎನ್ನುವವರೂ ಇರುವುದರಿಂದ ಬಾಗಿಲಲ್ಲಿ ನಾಲ್ಕು ಸಾಲಿನ ಚೀಟಿ ಮಾತ್ರ ಇಟ್ಟೆ. ವಿವರದ ಹಾಳೆಯನ್ನು ಮಡಚಿ ಕೈಯಲ್ಲಿಟ್ಟುಕೊಂಡು, ಕೇಳಿದವರಿಗಷ್ಟೇ ಕೊಟ್ಟೆ.

ಮಿನುಗುವ ದೀಪಗಳ ಮಾತು ಬೇರೆ. ಅಪಸ್ಮಾರ ಇರುವ ಕೆಲವರಿಗೆ ಅದು ನೇರವಾಗಿ ದೇಹಕ್ಕೇ ಅಪಾಯ. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಮಿನುಗಬಾರದು ಎಂಬುದು ಜಾಲತಾಣಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ. ವೇದಿಕೆಯ ಪ್ರದರ್ಶನಗಳಿರುವ ಚಿತ್ರಗಳಲ್ಲಿ ನಾನು ಇದನ್ನು ಚೀಟಿಯ ಮೊದಲ ಸಾಲಿನಲ್ಲೇ, ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

ಪ್ರದರ್ಶನದ ಸಂಜೆ ಮಹಿಳೆಯೊಬ್ಬರು ವಿವರದ ಹಾಳೆ ಕೇಳಿ ಪಡೆದು, ಎರಡು ಸಲ ಓದಿ ಕೇಳಿದರು: ‘ಅಟ್ಟಿಸಿಕೊಂಡು ಬರುವ ದೃಶ್ಯ ಬಂದಾಗ ನಾನು ಹೊರಗೆ ಹೋಗುತ್ತೇನೆ. ಮುಗಿಯಿತೆಂದು ನನಗೆ ಗೊತ್ತಾಗುವುದು ಹೇಗೆ?’ ಹೊರಗೆ ಹೋಗುವ ದಾರಿಯನ್ನಷ್ಟೇ ಯೋಚಿಸಿದ್ದೆ, ಮರಳುವ ದಾರಿ ಹೊಳೆದೇ ಇರಲಿಲ್ಲ. ಅವರನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮುಗಿದ ಕೂಡಲೇ ನಾನೇ ಬಂದು ಕರೆಯುತ್ತೇನೆ ಎಂದೆ. ಹಾಗೇ ಕರೆದೆ. ಮೂವರೂ ವೇಷ ತೊಟ್ಟು ಕಿಂಗ್ಸ್ ಕ್ಯಾನ್ಯನ್‌ನ ಬಂಡೆ ಹತ್ತುವಾಗ ಅವರು ಮುಂದಕ್ಕೆ ಬಾಗಿ ನೋಡುತ್ತಿದ್ದರು.

ಹೊರಡುವಾಗ ಅವರು ಹಾಳೆಯನ್ನು ಹಿಂದಿರುಗಿಸಿದರು. ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದರು: ‘ಆರಂಭದಲ್ಲೇ ಸಂಗಾತಿಯ ಸಾವು, ಅಂತ್ಯಕ್ರಿಯೆ ಇದೆ. ಅದನ್ನು ನೀವು ಬರೆದಿಲ್ಲ.’ ನನಗೆ ಅದು ಕಥೆ ಶುರುವಾಗಲು ಒಂದು ನೆಪವಾಗಿ ಕಂಡಿತ್ತು. ಮುಂದಿನ ಪ್ರದರ್ಶನದ ಹಾಳೆಯಲ್ಲಿ ಅವರ ಸಾಲನ್ನು ಅವರದೇ ಮಾತುಗಳಲ್ಲಿ ಸೇರಿಸಿದೆ.